‘ಸೂಜಿ ಹಾಕಸ್ತೀನಿ ನೋಡು’ ಅಂತ ಮಕ್ಕಳನ್ನ ಹೆದರಿಸೋ ಮುಂಚೆ

ಬಂಕಾಪುರದಿಂದ ಮಾತಾಡ್ತಿದ್ದೇನೆ. ಸಂಜೆ ಹೊತ್ತು ರೆಕಾರ್ಡ್ ಮಾಡ್ತಿರೋದ್ರಿಂದ ನಡುನಡುವೆ ನವಿಲು ಕೂಗೋದು ಕೇಳಿಸಬಹುದು. ನಮ್ಮೂರ ಕೋಟೆಯೊಳಗೆ ನವಿಲುಧಾಮ ಇದೆ, ಗೊತ್ತಲ್ಲ. ಇವತ್ತಿನ ಮಾತು ಶುರುವಾಗೋದೂ ಆ ಕೂಗಿನಿಂದಲೇ.

ನಾನು ಸಣ್ಣವನಿದ್ದಾಗ ಊಟಕ್ಕೆ ಹಟ ಮಾಡಿದರೆ ಅಜ್ಜಿ ಅಂತಿದ್ದಳು, “ಕೇಳಿಲ್ಲಿ, ಗುಮ್ಮ ಒದರಾಕತ್ತೈತಿ. ಲಗೂನ ಉಣ್ಣು.” ನಾನು ಗಬಗಬ ಉಣ್ತಿದ್ದೆ. ಅದು ಗುಮ್ಮ ಅಲ್ಲ, ನವಿಲು ಅಂತ ಗೊತ್ತಾಗೋ ಹೊತ್ತಿಗೆ ನಾನು ನಾಲ್ಕನೇ ಇಯತ್ತೆ. ಅಲ್ಲಿತನಕ ಸಂಜೆಯಾದರೆ ಕೋಟೆ ಕಡೆ ತಲೆ ಹಾಕ್ತಿರಲಿಲ್ಲ.

ಆಮೇಲೆ ಬಿ.ಕಾಂ ಮುಗಿಸಿದೆ, ಮದುವೆಯಾಯ್ತು. ಈಗ ನಾಲ್ಕು ವರ್ಷದ ಮಗಳಿದ್ದಾಳೆ, ಅಂಗನವಾಡಿಗೆ ಹೋಗ್ತಾಳೆ. ನೋಡಿದರೆ ನಮ್ಮ ಮನೆಯ ಗುಮ್ಮ ಇನ್ನೂ ಎಲ್ಲೂ ಹೋಗಿರಲಿಲ್ಲ. ಬಿಳಿ ಕೋಟು ಹಾಕ್ಕೊಂಡು, ಕೈಯಲ್ಲಿ ಸೂಜಿ ಹಿಡ್ಕೊಂಡು ನಿಂತಿದ್ದ. ನಿಲ್ಲಿಸಿದವನು ನಾನೇ.

“ರೊಟ್ಟಿ ಉಣ್ಣು, ಇಲ್ಲಂದ್ರ ಡಾಕ್ಟರ್ ಕಡೆ ಕರಕೊಂಡ ಹೋಗಿ ಸೂಜಿ ಹಾಕಸ್ತೀನಿ.” ಈ ಒಂದು ಮಾತಿಗೆ ತಾಟು ಐದು ನಿಮಿಷದಲ್ಲಿ ಖಾಲಿ. ಮೊಬೈಲ್ ಕೊಡದಿದ್ದರೂ ಸೂಜಿ, ಮಲಗದಿದ್ದರೂ ಸೂಜಿ. ನನಗಂತೂ ಭಾರಿ ಅಗ್ಗದ ವ್ಯವಹಾರ ಅನಿಸಿತ್ತು.

ಬಿಲ್ ಬಂದಿದ್ದು ಒಂದು ಭಾನುವಾರ. ಸ್ನಾನ ಮಾಡಿಸುವಾಗ ನನ್ನ ಹೆಂಡತಿಗೆ ಮಗಳ ಮೀನಖಂಡದ ಮೇಲೆ ಎರಡು ಕೆಂಪು ಗೆರೆ ಕಾಣಿಸಿದವು. ಕೇಳಿದರೆ “ಬಿದ್ನಿ” ಅಂದಳು. ನಾನು ಕೇಳಿದರೂ ಅದೇ, “ಬಿದ್ನಿ.” ಸಂಜೆ ಪಕ್ಕದ ಮನೆಯ ಹುಡುಗ ಬಂದು ಸಹಜವಾಗಿ ಹೇಳಿಬಿಟ್ಟ, “ಅಂಕಲ್, ಮೊನ್ನೆ ಅಕಿಗೆ ನಾಯಿಮರಿ ಪರಚಿತ್ತಲ್ಲ.”

ಮೊನ್ನೆ! ಅಂದ್ರೆ ಎರಡು ದಿನ ಆಗಿತ್ತು. ಮಗಳನ್ನ ಕೂರಿಸಿಕೊಂಡು ಕೇಳಿದೆ, ಯಾಕ ಹೇಳಲಿಲ್ಲ ಅಂತ. ಅವಳು ನನ್ನ ಮುಖ ನೋಡಲಿಲ್ಲ. “ನೀ ಸೂಜಿ ಹಾಕಸ್ತೀನಿ ಅಂದಿದ್ದಿ ಅಲ್ಲ” ಅಂದಳು.

ಆ ರಾತ್ರಿಯೇ ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಬೈಯಲಿಲ್ಲ. ತಡವಾದರೂ ಬಂದಿದ್ದು ಒಳ್ಳೆಯದಾಯ್ತು ಅಂದರು. ರಕ್ತ ಬಂದಿರಲಿಲ್ಲ, ಹಾಗಾಗಿ ಲಸಿಕೆ ಸಾಕು. ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧವನ್ನೂ ಚುಚ್ಚಬೇಕಾಗ್ತಿತ್ತು.

ಇಲ್ಲಿ ಸ್ವಲ್ಪ ನಿಲ್ತೀನಿ, ಇದು ಎಲ್ಲರಿಗೂ ಬೇಕಾದ ವಿಷಯ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಅಪರೂಪದಲ್ಲಿ ಅಪರೂಪ. ಅದಕ್ಕಿಂತ ಮುಂಚೆ ಲಸಿಕೆ ಬಿದ್ದರೆ ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ರೇಬೀಸ್ ಶಂಕೆಯ ಪ್ರಾಣಿ ಕಚ್ಚಿದವರಲ್ಲಿ ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ಕಚ್ಚಿದರೂ ಸರಿ, ಪರಚಿದರೂ ಸರಿ, ಮರಿಯಾದರೂ ಸರಿ, ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೀರಿ. ಅರಿಶಿನ, ಸುಣ್ಣ, ಖಾರಪುಡಿ ಬೇಡ. ಸೀದಾ ಆಸ್ಪತ್ರೆಗೆ ಹೋಗಿ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಅಂತ ಇವತ್ತಿಗೂ ಹೆದರಿಸ್ತಾರಲ್ಲ, ಆ ಹಳೇ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ನನ್ನ ಮಗಳಿಗೆ ಹಾಕಿದ್ದು ತೋಳಿಗೆ. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಅಷ್ಟೇ.

ಈಗ ಯೋಚನೆ ಮಾಡಿ. ಈ ಎಲ್ಲಾ ವ್ಯವಸ್ಥೆ ಕೆಲಸ ಮಾಡಬೇಕಂದ್ರೆ ಮೊದಲು ಮಗು ಬಾಯಿ ಬಿಡಬೇಕು. ಆ ಬಾಯನ್ನ ನಾನೇ ಮುಚ್ಚಿಸಿದ್ದೆ. ಡಾಕ್ಟರು, ಪೊಲೀಸು, ಟೀಚರು, ಕಷ್ಟದಲ್ಲಿ ಮಕ್ಕಳು ಯಾರ ಹತ್ತಿರ ಓಡಬೇಕೋ ಅವರನ್ನೇ ಗುಮ್ಮ ಮಾಡಿಟ್ಟಿರ್ತೀವಿ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಪೊಲೀಸರನ್ನ ಕಂಡು ಅಡಗಿ ಕೂತರೆ ತಪ್ಪು ಯಾರದು?

ಹಾಗಂತ ಮಕ್ಕಳು ಹೇಳಿದ ಹಾಗೆ ಕುಣೀಬೇಕು ಅಂತಲ್ಲ. ಮನೆ ಅಂದಮೇಲೆ ನಿಯಮ ಇರಬೇಕು. ನಾನು ಬದಲಾಯಿಸಿಕೊಂಡಿದ್ದು ಮಾತನ್ನ.

ಮೊದಲನೇದು, ಅಂಗನವಾಡಿ ಅಕ್ಕೋರು ಹೇಳಿಕೊಟ್ಟಿದ್ದು. “ಬ್ಯಾಡ ಅನ್ನೂದಕ್ಕಿಂತ ಏನ ಮಾಡಬೇಕು ಅದನ್ನ ಹೇಳ್ರಿ.” “ಓಡಬ್ಯಾಡ” ಅಂದರೆ ಮಗುವಿಗೆ ಕೇಳೋದು ‘ಓಡು’ ಮಾತ್ರ. “ನನ್ನ ಕೈ ಹಿಡ್ಕೊಂಡ ನಡಿ” ಅಂದರೆ ಕೆಲಸ ಗೊತ್ತಾಗುತ್ತೆ.

ಎರಡನೇದು, ಆಯ್ಕೆ ಕೊಡೋದು, ಆದರೆ ಎರಡೇ. “ಉಣ್ತೀಯೋ ಇಲ್ಲೋ” ಅಲ್ಲ. “ರೊಟ್ಟಿ ಮೊಸರಿನ ಜೋಡಿ ಉಣ್ತಿಯೋ, ಪಲ್ಯದ ಜೋಡಿಯೋ?” ಎರಡೂ ಬೇಡ ಅಂದ ದಿನ ತಾಟು ಮುಚ್ಚಿಡ್ತೀವಿ. ಹಸಿವಾದಾಗ ತಾನೇ ಬರ್ತಾಳೆ.

ಮೂರನೇದು, ನಡೆಸಿಕೊಡಲಾಗದ ಮಾತು ಆಡಬಾರದು. ನಾವು ಕಾಮರ್ಸಿನವರು, ನಮ್ಮ ಭಾಷೆಯಲ್ಲಿ ಹೇಳ್ತೀನಿ. ಸುಳ್ಳು ಬೆದರಿಕೆ ಅಂದರೆ ಖಾತೆಯಲ್ಲಿ ದುಡ್ಡಿಲ್ಲದೆ ಬರೆದ ಚೆಕ್. ಎರಡು ಸಲ ಬೌನ್ಸ್ ಆದರೆ ಮೂರನೇ ಸಲ ನಿಜವಾದ ಚೆಕ್ಕನ್ನೂ ಯಾರೂ ನಂಬೋದಿಲ್ಲ. “ಆಟಿಗಿ ಎತ್ತಿಡಲಿಲ್ಲ ಅಂದ್ರ ಇವತ್ತ ಅವು ಕಪಾಟನ್ಯಾಗ” ಅಂದೆ ಅಂದರೆ ಕಪಾಟಿಗೆ ಹೋಗಲೇಬೇಕು. ಸಿಟ್ಟಿಲ್ಲದೆ ಹೋಗಬೇಕು.

ನಾಲ್ಕನೇದು ಎಲ್ಲಕ್ಕಿಂತ ಕಷ್ಟದ್ದು. ಕ್ಷಮೆ ಕೇಳೋದು. ಎರಡನೇ ಡೋಸಿಗೆ ಹೋಗುವ ಮುಂಚೆ ಮಗಳ ಮುಂದೆ ಕೂತು ಹೇಳಿದೆ, “ಸೂಜಿ ಅಂತ ನಿನ್ನ ಹೆದರಿಸಿದ್ದು ನಂದು ತಪ್ಪ. ಇನ್ನ ಮ್ಯಾಲೆ ಹಂಗ ಅನ್ನೂದಿಲ್ಲ.” ಮನೆಯಲ್ಲಿ ಅವ್ವ ನಕ್ಕಳು, “ಕೂಸಿನ ಮುಂದ ಯಾರರ ತಪ್ಪಾತು ಅಂತಾರೇನು?” ಮಗಳು ನಗಲಿಲ್ಲ. ಕೇಳಿದಳು, “ನೋಯ್ತೈತೇನಪ್ಪಾ?”

ಇಲ್ಲ ಅನ್ನೋಕೆ ನಾಲಿಗೆ ತುದಿಗೆ ಬಂದಿತ್ತು. ತಡೆದೆ. “ಹೌದವ್ವ, ಒಂದೀಟು ನೋಯ್ತೈತಿ. ಹತ್ತು ಎಣಿಸೂದ್ರಾಗ ಮುಗೀತೈತಿ. ನಾ ಕೈ ಹಿಡ್ಕೊಂಡಿರ್ತೀನಿ.” ಆರು ಎಣಿಸುವಷ್ಟರಲ್ಲಿ ಅತ್ತಳು, ಜೋರಾಗಿಯೇ ಅತ್ತಳು. ಆದರೆ ನನ್ನ ಕೈ ಬಿಡಲಿಲ್ಲ.

28ನೇ ದಿನದ ಡೋಸೂ ಮುಗೀತು. ಆಮೇಲೊಂದು ದಿನ ತಾನೇ ಬಂದು ಬಾಗಿಲಲ್ಲಿ ನಿಂತಳು. “ಅಪ್ಪಾ, ಸಿಟ್ಟಾಗಬ್ಯಾಡ. ನಿನ್ನ ಇಯರ್‌ಫೋನ್ ಬಕೆಟ್‌ನ್ಯಾಗ ಬಿದ್ದೈತಿ.” ಬಿದ್ದಿದ್ದಲ್ಲ, ಹಾಕಿದ್ದು. ಅದೂ ಎರಡು ನಿಮಿಷದ ಮೇಲೆ ಬಾಯಿ ಬಿಟ್ಟಳು. ಸಿಟ್ಟು ಬಂತು, ಸುಳ್ಳು ಹೇಳಲ್ಲ. ಎತ್ತಿ ಒರೆಸಿ, “ಬಂದು ಹೇಳಿದ್ದು ಚಲೋ ಆತು” ಅಂದೆ. ಇಬ್ಬರೂ ಸೇರಿ ನೆಲದ ನೀರು ಒರೆಸಿದೆವು. ಇಯರ್‌ಫೋನ್ ಮತ್ತೆ ಹಾಡಲಿಲ್ಲ. ಆದರೂ ಆ ದಿನದ ಲೆಕ್ಕ ಲಾಭದಲ್ಲೇ ಇತ್ತು.

ನಿಮ್ಮ ಮನೆಯಲ್ಲೂ ಮಗ, ಮಗಳು, ಅಕ್ಕನ ಮಕ್ಕಳು ಯಾರಾದರೂ ಇದ್ದರೆ ಇವತ್ತು ರಾತ್ರಿ ಊಟದ ಹೊತ್ತಿಗೆ ಒಂದು ಕೆಲಸ ಮಾಡಿ. ಎಷ್ಟು ಸಲ ಹೆದರಿಸ್ತೀರಿ ಅಂತ ಸುಮ್ಮನೆ ಎಣಿಸಿ. ಮುಂದಿನ ವಾರ ಸಿಗೋಣ. ಬರ್ತೀನ್ರೀ.

ಹಾಂ, ಈಗ ಕೇಳಿಸಿತಲ್ಲ, ಅದು ನವಿಲು. ಮಗಳಿಗೂ ಹಾಗೇ ಹೇಳಿಕೊಟ್ಟಿದ್ದೀನಿ.