ಗಲ್ಲಾಪೆಟ್ಟಿಗೆ ತುಂಬಿತ್ತು, ಅಂಗಡಿ ಮಾತ್ರ ಖಾಲಿಯಾಗ್ತಿತ್ತು: ನೋವೆಲ್ ಷೇರುದಾರರ ವಾದ

ಇವತ್ತು ಮೊದಲು ಒಂದು ಸಣ್ಣ ಲೆಕ್ಕ. ಒಂದು ಅಂಗಡಿ ಮಾರಾಟಕ್ಕಿದೆ ಅಂದುಕೊಳ್ಳಿ. ಬೆಲೆ 20 ಲಕ್ಷ. ಗಲ್ಲಾಪೆಟ್ಟಿಗೆಯಲ್ಲಿ 10 ಲಕ್ಷ ನಗದು ಇದೆ, ಅಂಗಡಿ ಜೊತೆ ಅದೂ ನಿಮಗೇ ಸೇರುತ್ತೆ. ಅಂದ್ರೆ ಅಂಗಡಿಗೆ ನೀವು ನಿಜವಾಗಿ ಕೊಡೋದು 10 ಲಕ್ಷ. ವರ್ಷದ ವ್ಯಾಪಾರ 8 ಲಕ್ಷದ ಮೇಲಿದೆ. ಆದರೆ ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಅಂಗಡಿಗೆ ಹೋಗ್ತಿದ್ದಾರೆ. ಒಳಗಡೆ ಒಂದು ಮೂಲೆಯಲ್ಲಿ ಮಾತ್ರ ಹೊಸ ಕೌಂಟರ್ ಇದೆ, ಅಲ್ಲಿ ವ್ಯಾಪಾರ ಬೆಳೀತಿದೆ.

ನೀವು ಕೊಳ್ತೀರಾ? ಈಗಾಗಲೇ ಪಾಲುದಾರರಾಗಿದ್ರೆ ಮಾರ್ತೀರಾ?

2010ರ ಮಾರ್ಚ್‌ನಲ್ಲಿ ನೋವೆಲ್ ಅನ್ನೋ ಅಮೆರಿಕನ್ ಕಂಪನಿಯ ಷೇರುದಾರರ ಮುಂದೆ ಇದ್ದದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಈ ಅಂಕಿಗಳಿಗೆ ಸೊನ್ನೆಗಳನ್ನ ಸೇರಿಸಿ ಡಾಲರ್ ಅಂತ ಓದಿಕೊಂಡ್ರೆ ಆಯ್ತು.

ನಿಮ್ಮಲ್ಲಿ ಹಲವರಿಗೆ ನೋವೆಲ್ ಹೆಸರು ಹೊಸದಿರಬಹುದು. 90ರ ದಶಕದಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದ ಯಾರನ್ನಾದ್ರೂ ಕೇಳಿ, ಅವರಿಗೆ ಗೊತ್ತಿರುತ್ತೆ. ಯೂಟಾ ರಾಜ್ಯದ ಪ್ರೋವೋ ಊರಿನ ಕಂಪನಿ ಅದು. 1983ರಲ್ಲಿ ನೆಟ್‌ವೇರ್ ಅನ್ನೋ ಸಾಫ್ಟ್‌ವೇರ್ ತಂತು. ಆಗ ಆಫೀಸಿನಲ್ಲಿ ಪಿಸಿಗಳು ಬರ್ತಾ ಇದ್ವು, ಆದರೆ ಒಂದೊಂದೂ ಒಂದೊಂದು ದ್ವೀಪ. ಫೈಲ್ ಬೇಕಂದ್ರೆ ಫ್ಲಾಪಿ ಹಿಡ್ಕೊಂಡು ಪಕ್ಕದ ಟೇಬಲ್‌ಗೆ ಹೋಗಬೇಕಿತ್ತು. ನೆಟ್‌ವೇರ್ ಹಾಕಿದ ಒಂದು ಸರ್ವರ್ ಇದ್ದರೆ ಎಲ್ಲರೂ ಅದೇ ಫೈಲ್, ಅದೇ ಪ್ರಿಂಟರ್ ಬಳಸಬಹುದಿತ್ತು. ರೇ ನೂರ್ಡಾ ಅನ್ನೋರ ನೇತೃತ್ವದಲ್ಲಿ ನೋವೆಲ್ ಈ ಮಾರುಕಟ್ಟೆಯ ರಾಜ ಆಯ್ತು. ಸಿಎನ್‌ಇ, ಅಂದ್ರೆ ಸರ್ಟಿಫೈಡ್ ನೋವೆಲ್ ಎಂಜಿನಿಯರ್ ಅನ್ನೋ ಸರ್ಟಿಫಿಕೇಟ್ ಕೈಯಲ್ಲಿದ್ದರೆ ಕೆಲಸಕ್ಕೆ ಅಲೆಯೋದು ಬೇಡ ಅನ್ನೋ ಕಾಲ ಇತ್ತು. ಬೆಂಗಳೂರಿನಲ್ಲೂ ನೋವೆಲ್‌ನ ಅಭಿವೃದ್ಧಿ ಕೇಂದ್ರ ಇತ್ತು. ಹಾಗಾಗಿ ಈ ಕಥೆ ನಮಗೆ ತೀರಾ ದೂರದ್ದೇನಲ್ಲ.

ಮತ್ತೆ ಕೆಟ್ಟಿದ್ದೆಲ್ಲಿ? 1993ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ ತಂತು. ಫೈಲ್, ಪ್ರಿಂಟರ್ ಹಂಚಿಕೊಳ್ಳೋ ಸೌಲಭ್ಯ ಆಪರೇಟಿಂಗ್ ಸಿಸ್ಟಂ ಒಳಗೇ ಬಂತು. ನೋವೆಲ್ ದುಡ್ಡು ತಗೊಂಡು ಮಾರ್ತಿದ್ದ ವಸ್ತು ಎದುರಾಳಿಯ ಪ್ಯಾಕೆಟ್‌ನಲ್ಲಿ ಸೇರಿಕೊಂಡೇ ಸಿಗೋಕೆ ಶುರುವಾಯ್ತು. ಎರಡನೇ ಪೆಟ್ಟು ಇಂಟರ್ನೆಟ್‌ನಿಂದ. ನೆಟ್‌ವೇರ್ ಐಪಿಎಕ್ಸ್ ಅನ್ನೋ ತನ್ನದೇ ಭಾಷೆ ಮಾತಾಡ್ತಿತ್ತು, ಇಂಟರ್ನೆಟ್‌ನ ಭಾಷೆ ಐಪಿ. ಅದನ್ನ ನೆಟ್‌ವೇರ್ ತನ್ನ ಮೂಲಭಾಷೆ ಮಾಡಿಕೊಂಡಿದ್ದು 1998ರಲ್ಲಿ, 5ನೇ ಆವೃತ್ತಿಯಲ್ಲಿ. ಅಷ್ಟೊತ್ತಿಗೆ ಬಸ್ಸು ಸ್ಟ್ಯಾಂಡ್ ಬಿಟ್ಟಾಗಿತ್ತು.

ಒಂದು ಮಾತು ನೆನಪಿಡಿ, ನೋವೆಲ್ ತಂತ್ರಜ್ಞಾನ ಕಳಪೆ ಇರಲಿಲ್ಲ. ದೊಡ್ಡ ಕಂಪನಿಯ ಎಲ್ಲ ಬಳಕೆದಾರರ ಲೆಕ್ಕ ಒಂದೇ ಕಡೆ ಇಡೋ ಡೈರೆಕ್ಟರಿ ಸೇವೆಯನ್ನ ನೋವೆಲ್ 1993ರಲ್ಲೇ ತಂದಿತ್ತು. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಬಂದಿದ್ದು 2000ದಲ್ಲಿ. ಏಳು ವರ್ಷ ಮುಂದಿದ್ದೂ ಆ ಮುನ್ನಡೆಯನ್ನ ಉಳಿಸಿಕೊಳ್ಳೋಕೆ ಆಗಲಿಲ್ಲ.

ಉಳಿಸಿಕೊಳ್ಳೋ ಬದಲು ಮಾಡಿದ್ದೇನು? ಶಾಪಿಂಗ್. 1993ರಲ್ಲಿ ಎಟಿ ಅಂಡ್ ಟಿ ಕಡೆಯಿಂದ ಯೂನಿಕ್ಸ್ ಕೊಂಡರು, 1995ರಲ್ಲಿ ಆ ವ್ಯವಹಾರವನ್ನ ಮಾರಿದರು. 1994ರಲ್ಲಿ ವರ್ಡ್‌ಪರ್ಫೆಕ್ಟ್ ಕೊಂಡರು, 1996ರಲ್ಲಿ ಕೊಟ್ಟ ಬೆಲೆಯ ಒಂದು ಸಣ್ಣ ಪಾಲಿಗೆ ಕೋರೆಲ್‌ಗೆ ಕೊಟ್ಟರು. 1997ರಲ್ಲಿ ಎರಿಕ್ ಸ್ಮಿತ್ ಸಿಇಒ ಆದರು. ಹೌದು, ಆಮೇಲೆ ಗೂಗಲ್‌ಗೆ ಹೋದ ಅದೇ ಸ್ಮಿತ್. 2001ರಲ್ಲಿ ಕೇಂಬ್ರಿಜ್ ಟೆಕ್ನಾಲಜಿ ಪಾರ್ಟ್‌ನರ್ಸ್ ಅನ್ನೋ ಕನ್ಸಲ್ಟಿಂಗ್ ಕಂಪನಿ ಬಂತು. 2003ರ ಕೊನೆಗೆ ಜರ್ಮನಿಯ ಲಿನಕ್ಸ್ ಕಂಪನಿ ಸೂಸೆಯನ್ನ 21 ಕೋಟಿ ಡಾಲರ್‌ಗೆ ಕೊಳ್ಳೋದಾಗಿ ಘೋಷಿಸಿದರು. ಈ ಪಟ್ಟಿಯಲ್ಲಿ ನಿಜಕ್ಕೂ ಬೆಳೆದ ಕೌಂಟರ್ ಅಂದ್ರೆ ಈ ಸೂಸೆ.

ಈಗ 2010ಕ್ಕೆ ಬನ್ನಿ. ನೋವೆಲ್ ಕೈಯಲ್ಲಿ ಸುಮಾರು 100 ಕೋಟಿ ಡಾಲರ್ ನಗದು. 2009ರ ಹಣಕಾಸು ವರ್ಷದ ಆದಾಯ 86.2 ಕೋಟಿ, ಹಿಂದಿನ ವರ್ಷಕ್ಕಿಂತ ಕಮ್ಮಿ. ಮಾರ್ಚ್ 2ರಂದು ಎಲಿಯಟ್ ಅನ್ನೋ ಹೆಡ್ಜ್ ಫಂಡ್ ನೋವೆಲ್ ಬೋರ್ಡ್‌ಗೆ ಪತ್ರ ಬರೀತು. ಅದರ ಬಳಿ ಆಗಲೇ ನೋವೆಲ್‌ನ ದೊಡ್ಡ ಪಾಲಿತ್ತು. ಪ್ರತಿ ಷೇರಿಗೆ 5.75 ಡಾಲರ್ ಕೊಡ್ತೀವಿ, ಇಡೀ ಕಂಪನಿ ನಮಗೆ ಕೊಡಿ ಅಂತ. ಒಟ್ಟು ಸುಮಾರು 200 ಕೋಟಿ ಡಾಲರ್. ನಗದು ಕಳೆದರೆ ವ್ಯವಹಾರಕ್ಕೆ ಬೀಳೋ ಬೆಲೆ ಸುಮಾರು 100 ಕೋಟಿ.

ಇಲ್ಲಿಂದ ಶುರು ವಾದ. ಮುಖ್ಯವಾಗಿ ಮೂರು ನಿಲುವುಗಳಿದ್ದವು.

ಮೊದಲನೇದು, "ಕೊಟ್ಟುಬಿಡಿ" ಅನ್ನೋರು. ಇವರ ವಾದ ಹೀಗೆ: ಹದಿನೈದು ವರ್ಷದಿಂದ ಪ್ರತಿ ಸಿಇಒ ಒಂದು ಹೊಸ ಕಥೆ ಹೇಳಿದ್ದಾರೆ, ಪ್ರತಿ ಕಥೆಗೂ ಒಂದೊಂದು ಕಂಪನಿ ಕೊಂಡಿದ್ದಾರೆ, ಷೇರುದಾರನಿಗೆ ದಕ್ಕಿದ್ದು ಅಷ್ಟಕ್ಕಷ್ಟೆ. ಗಲ್ಲಾದಲ್ಲಿರೋ 100 ಕೋಟಿ ಇದೇ ಮ್ಯಾನೇಜ್‌ಮೆಂಟ್ ಕೈಯಲ್ಲಿದ್ದರೆ ಅದು ಇನ್ನೊಂದು ವರ್ಡ್‌ಪರ್ಫೆಕ್ಟ್ ಆಗಲ್ಲ ಅಂತ ಏನು ಗ್ಯಾರಂಟಿ? ಗಟ್ಟಿ ದುಡ್ಡು ಸಿಗ್ತಿದೆ, ತಗೊಳ್ಳಿ.

ಎರಡನೇದು, "ಇದು ತೀರಾ ಅಗ್ಗ" ಅನ್ನೋರು. ಇವರು ತೋರಿಸಿದ್ದು ರೆಡ್ ಹ್ಯಾಟ್ ಕಡೆಗೆ. ಅದೂ ಲಿನಕ್ಸ್ ಕಂಪನಿ. 2010ರ ಫೆಬ್ರವರಿಗೆ ಮುಗಿದ ವರ್ಷದಲ್ಲಿ ಅದರ ಆದಾಯ ಸುಮಾರು 75 ಕೋಟಿ ಡಾಲರ್, ಅಂದ್ರೆ ನೋವೆಲ್‌ಗಿಂತ ಕಮ್ಮಿ. ಆದರೆ ಮಾರುಕಟ್ಟೆ ಅದಕ್ಕೆ ಕಟ್ಟಿದ್ದ ಬೆಲೆ 500 ಕೋಟಿ ಡಾಲರ್‌ಗೂ ಹೆಚ್ಚು. ದೊಡ್ಡ ಕಂಪನಿಗಳ ಲಿನಕ್ಸ್‌ನಲ್ಲಿ ರೆಡ್ ಹ್ಯಾಟ್ ಬಿಟ್ಟರೆ ಮುಂದಿನ ಹೆಸರು ಸೂಸೆ. ಮೇನ್‌ಫ್ರೇಮ್‌ನಲ್ಲಿ, ಎಸ್‌ಎಪಿ ನಡೆಸೋ ಸರ್ವರ್‌ಗಳಲ್ಲಿ ಅದರ ಕಾಲು ಗಟ್ಟಿಯಾಗಿತ್ತು. ಅದರ ಮೇಲೆ ಪೇಟೆಂಟ್‌ಗಳ ರಾಶಿ ಬೇರೆ. ಇಷ್ಟೆಲ್ಲ ಸೇರಿ 100 ಕೋಟಿನಾ ಅಂತ ಇವರ ಪ್ರಶ್ನೆ.

ಮೂರನೇದು ಅನುಮಾನದವರು, ನನಗೆ ಇವರ ಪ್ರಶ್ನೆಗಳೇ ಹೆಚ್ಚು ಇಷ್ಟ. ಸೂಸೆ ಬೆಳೀತಿದೆ ಸರಿ, ದುಡ್ಡು ಕೊಡ್ತಿರೋದು ಯಾರು? 2006ರ ನವೆಂಬರ್‌ನಲ್ಲಿ ನೋವೆಲ್ ತನ್ನ ಹಳೇ ಎದುರಾಳಿ ಮೈಕ್ರೋಸಾಫ್ಟ್ ಜೊತೆಗೇ ಒಪ್ಪಂದ ಮಾಡ್ಕೊಂಡಿತ್ತು. ಮೈಕ್ರೋಸಾಫ್ಟ್ 24 ಕೋಟಿ ಡಾಲರ್‌ಗೆ ಸೂಸೆ ಚಂದಾದ ಕೂಪನ್‌ಗಳನ್ನ ಕೊಂಡು ತನ್ನ ಗ್ರಾಹಕರಿಗೆ ಹಂಚೋದು ಅಂತ ಅದರಲ್ಲಿತ್ತು. ಹಾಗಾದ್ರೆ ಬೆಳವಣಿಗೆಯಲ್ಲಿ ಗ್ರಾಹಕ ತಾನಾಗಿ ಬಂದಿದ್ದೆಷ್ಟು, ಎದುರಿನ ಅಂಗಡಿಯವನು ಕಳಿಸಿಕೊಟ್ಟಿದ್ದೆಷ್ಟು? ಆ ಕೂಪನ್ ನಿಂತರೆ ಏನು ಗತಿ?

ಇವರ ಎರಡನೇ ಪ್ರಶ್ನೆ ನಗದಿನ ಬಗ್ಗೆ. ನಮ್ಮಂಥ ಬಿಕಾಂನವರಿಗೆ ಇದು ಪರಿಚಿತ. ಸಾಫ್ಟ್‌ವೇರ್ ಕಂಪನಿಗಳು ಒಂದು ವರ್ಷದ, ಮೂರು ವರ್ಷದ ಚಂದಾ ದುಡ್ಡನ್ನ ಮೊದಲೇ ತಗೊಳ್ತವೆ. ದುಡ್ಡು ಬ್ಯಾಂಕಿಗೆ ಬಂತು, ಆದರೆ ಸೇವೆ ಕೊಡೋದು ಬಾಕಿ ಇದೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಅದು ಒಂದು ಕಡೆ ನಗದು, ಇನ್ನೊಂದು ಕಡೆ ಹೊಣೆ. ಮದುವೆ ಛತ್ರದವರು ತಗೊಂಡ ಅಡ್ವಾನ್ಸ್ ಇದ್ದಹಾಗೆ. ಪೆಟ್ಟಿಗೆಯಲ್ಲಿ ಇದೆ ಅಂತ ಪೂರ್ತಿ ನಮ್ಮದು ಅನ್ನೋ ಹಾಗಿಲ್ಲ, ಮುಹೂರ್ತದ ದಿನ ದೀಪ ಹಚ್ಚಬೇಕು, ನೀರು ಬಿಡಬೇಕು, ಜನ ಇಡಬೇಕು. ಹಾಗಾಗಿ "100 ಕೋಟಿ ನಗದು ಇದೆ, ಕಂಪನಿ ಅರ್ಧ ಬೆಲೆಗೆ ಸಿಗ್ತಿದೆ" ಅನ್ನೋ ಲೆಕ್ಕ ಪೂರ್ತಿ ಸರಿ ಅಲ್ಲ. ನಾನು ಶುರುವಿನಲ್ಲಿ ಕೊಟ್ಟ ಅಂಗಡಿ ಲೆಕ್ಕವನ್ನೂ ಅಷ್ಟರ ಮಟ್ಟಿಗೆ ತಿದ್ದಿಕೊಳ್ಳಬೇಕು.

ಮೂರನೇ ಪ್ರಶ್ನೆ, ಗಮನ. ರೆಡ್ ಹ್ಯಾಟ್ 2003ರಲ್ಲೇ ಡಬ್ಬಿಯಲ್ಲಿ ಲಿನಕ್ಸ್ ಮಾರೋದು ಬಿಟ್ಟು ಕಂಪನಿಗಳಿಗೆ ಚಂದಾ ಮಾರೋದೊಂದನ್ನೇ ಹಿಡಿದು ಕೂತಿತ್ತು. ನೋವೆಲ್ ಒಂದೇ ಸಲಕ್ಕೆ ಲಿನಕ್ಸ್ ಬೆಳೆಸಬೇಕು, ನೆಟ್‌ವೇರ್ ಗ್ರಾಹಕರನ್ನ ಸಮಾಧಾನ ಮಾಡಬೇಕು, ಗ್ರೂಪ್‌ವೈಸ್ ಅನ್ನೋ ಇಮೇಲ್ ವ್ಯವಹಾರ ಸಾಕಬೇಕು, ಭದ್ರತಾ ಸಾಫ್ಟ್‌ವೇರ್ ಮಾರಬೇಕು. ಹೀಗಿದ್ದಾಗ ರೆಡ್ ಹ್ಯಾಟ್‌ಗೆ ಸಿಗೋ ಬೆಲೆಯನ್ನ ನೋವೆಲ್‌ಗೆ ಕಟ್ಟೋದು ಹೇಗೆ?

ಆಮೇಲೆ ಏನಾಯ್ತು? ಎಲಿಯಟ್ ಪತ್ರ ಹೊರಬಿದ್ದ ಮರುದಿನ ಷೇರು 5.75ನ್ನೂ ದಾಟಿತು. ಅಂದ್ರೆ ಇನ್ಯಾರೋ ಹೆಚ್ಚು ಕೊಡ್ತಾರೆ ಅಂತ ಮಾರುಕಟ್ಟೆ ಎಣಿಸಿತು. ಮಾರ್ಚ್ 20ಕ್ಕೆ ಬೋರ್ಡ್ "ಈ ಬೆಲೆ ಸಾಲದು" ಅಂದಿತು. ಮಾರ್ಚ್ 30ಕ್ಕೆ ಯೂಟಾದ ಜ್ಯೂರಿಯೊಂದು ಯೂನಿಕ್ಸ್ ಕಾಪಿರೈಟ್ ನೋವೆಲ್‌ದೇ ಅಂತ ತೀರ್ಪು ಕೊಟ್ಟಿತು. ನವೆಂಬರ್ 22ಕ್ಕೆ ಡೀಲ್ ಘೋಷಣೆ ಆಯ್ತು: ಅಟ್ಯಾಚ್‌ಮೇಟ್ ಅನ್ನೋ ಖಾಸಗಿ ಕಂಪನಿ, ಷೇರಿಗೆ 6.10 ಡಾಲರ್, ಒಟ್ಟು 220 ಕೋಟಿ. ಅದೇ ದಿನದ ಇನ್ನೊಂದು ಸುದ್ದಿ, ಮೈಕ್ರೋಸಾಫ್ಟ್ ಕೂಡಿಸಿದ ಒಂದು ಗುಂಪಿಗೆ 882 ಪೇಟೆಂಟ್‌ಗಳು 45 ಕೋಟಿ ಡಾಲರ್‌ಗೆ.

ಲೆಕ್ಕ ಹಾಕಿ. 5.75ರಿಂದ 6.10. ಎಂಟು ತಿಂಗಳು ಕಾದಿದ್ದಕ್ಕೆ ಸಿಕ್ಕಿದ್ದು ಸುಮಾರು 6%. "ತೀರಾ ಅಗ್ಗ" ಅಂದವರು ಗೆದ್ದರು ಅನ್ನೋಕೂ ಕಷ್ಟ, ಸೋತರು ಅನ್ನೋಕೂ ಕಷ್ಟ.

ನಿಜವಾದ ಬಿಲ್ ಆಮೇಲೆ ಬಂತು. 2011ರ ಏಪ್ರಿಲ್‌ನಲ್ಲಿ ಡೀಲ್ ಮುಗೀತು. ಹೊಸ ಮಾಲೀಕರು ಮೋನೋ ಅನ್ನೋ ಪ್ರಾಜೆಕ್ಟ್‌ನ ತಂಡವನ್ನ ಮನೆಗೆ ಕಳಿಸಿದರು. ಆ ತಂಡದವರು ಜಾಮರಿನ್ ಅನ್ನೋ ಕಂಪನಿ ಕಟ್ಟಿದರು, 2016ರಲ್ಲಿ ಮೈಕ್ರೋಸಾಫ್ಟ್ ಅದನ್ನ ಕೊಂಡಿತು. ಸೂಸೆ 2014ರಲ್ಲಿ ಮೈಕ್ರೋ ಫೋಕಸ್ ಪಾಲಾಯ್ತು. 2018ರಲ್ಲಿ ಇಕ್ಯೂಟಿ ಅನ್ನೋ ಹೂಡಿಕೆ ಸಂಸ್ಥೆ ಸೂಸೆ ಒಂದಕ್ಕೇ 250 ಕೋಟಿ ಡಾಲರ್‌ಗೂ ಹೆಚ್ಚು ಕೊಡೋಕೆ ಒಪ್ಪಿತು. ಎಂಟು ವರ್ಷದ ಹಿಂದೆ ನಗದು, ಪೇಟೆಂಟ್, ನೆಟ್‌ವೇರ್, ಸೂಸೆ ಎಲ್ಲ ಸೇರಿ 220 ಕೋಟಿ ಇತ್ತಲ್ಲ, ಈಗ ಮೂಲೆಯ ಕೌಂಟರ್ ಒಂದೇ ಅದಕ್ಕಿಂತ ಹೆಚ್ಚು. ಇತ್ತ ರೆಡ್ ಹ್ಯಾಟ್‌ನ 2019ರಲ್ಲಿ ಐಬಿಎಂ 3,400 ಕೋಟಿ ಡಾಲರ್‌ಗೆ ಕೊಂಡಿತು.

"ನೋಡಿ, ಹಿಡ್ಕೊಂಡಿದ್ರೆ ಕೋಟ್ಯಾಧಿಪತಿ ಆಗ್ತಿದ್ವಿ" ಅಂತ ತೀರ್ಮಾನ ಮಾಡೋಕೆ ಮುಂಚೆ ಇನ್ನೊಂದು ಅಂಕಿ ಕೇಳಿ. ಸೂಸೆ 2021ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಷೇರಿಗೆ 30 ಯೂರೋಗೆ ಐಪಿಒ ತಂತು. 2023ರಲ್ಲಿ ಇಕ್ಯೂಟಿ ಅದನ್ನ ವಾಪಸ್ ಖಾಸಗಿ ಮಾಡ್ಕೊಂಡಾಗ ಕೊಟ್ಟ ಬೆಲೆ 16 ಯೂರೋ. ಅದೇ ಕಂಪನಿಯಲ್ಲಿ ಒಬ್ಬರು ದುಡ್ಡು ಮಾಡಿದರು, ಐಪಿಒದಲ್ಲಿ ಕೊಂಡವರು ಹೆಚ್ಚುಕಡಿಮೆ ಅರ್ಧ ಕಳ್ಕೊಂಡರು. ಒಳ್ಳೆ ಕಂಪನಿ ಅನ್ನೋದು ಒಂದು ಪ್ರಶ್ನೆ, ಯಾವ ಬೆಲೆಗೆ ಅನ್ನೋದು ಇನ್ನೊಂದು.

ನನ್ನ ಅಭಿಪ್ರಾಯ ಕೇಳಿದ್ರೆ, ನೋವೆಲ್ ಬೋರ್ಡ್ ಮಾರ್ಚ್‌ನಲ್ಲಿ ಬೇಡ ಅಂದಿದ್ದು ಸರಿ, ನವೆಂಬರ್‌ನಲ್ಲಿ ಇಡೀ ಗಂಟನ್ನ ಒಂದೇ ಕಡೆ ಕೊಟ್ಟಿದ್ದು ದುಬಾರಿ ಆಯ್ತು. ಸೂಸೆಯನ್ನ ಬೇರೆ ಕಂಪನಿಯಾಗಿ ಮಾಡಿ ಅದರ ಷೇರನ್ನ ಹಳೇ ಷೇರುದಾರರಿಗೆ ಹಂಚಬಹುದಿತ್ತು. ಆಗ ಬೇಕಾದವರು ಮಾರ್ತಿದ್ದರು, ನಂಬಿದವರು ಇಟ್ಕೊಳ್ತಿದ್ದರು. ಆ ಆಯ್ಕೆ ಸಾಮಾನ್ಯ ಷೇರುದಾರನ ಕೈಗೆ ಬರಲೇ ಇಲ್ಲ. 6.10 ಡಾಲರ್ ಅಕೌಂಟಿಗೆ ಬಿತ್ತು, ಕಥೆ ಮುಗೀತು.

ನಿಮ್ಮ ಡೀಮ್ಯಾಟ್‌ನಲ್ಲೂ ಇಂಥ ಒಂದು ಐಟಿ ಷೇರು ಇರಬಹುದು. "ಕ್ಯಾಶ್ ರಿಚ್, ಸಾಲ ಇಲ್ಲ, ಅಗ್ಗ" ಅಂತ ಯಾರೋ ಟೆಲಿಗ್ರಾಂ ಗುಂಪಿನಲ್ಲಿ ಹಾಕಿರ್ತಾರೆ. ಈ ವಾರಾಂತ್ಯ ಅದರ ವಾರ್ಷಿಕ ವರದಿ ಫೋನಿನಲ್ಲೇ ತೆಗೆದು ಮೂರು ಜಾಗ ನೋಡಿ. ಆ ನಗದಿನ ಎದುರಿಗೆ ಗ್ರಾಹಕರ ಮುಂಗಡ ಎಷ್ಟಿದೆ? ಬೆಳೀತಿರೋ ವಿಭಾಗಕ್ಕೆ ದುಡ್ಡು ಕೊಡ್ತಿರೋರು ಎಷ್ಟು ಜನ, ಒಬ್ಬನೇನಾ? ಹಿಂದಿನ ಐದು ವರ್ಷದ ಅಧ್ಯಕ್ಷರ ಪತ್ರ ಓದಿ, ಪ್ರತಿ ವರ್ಷ ಕಂಪನಿಯ ಗುರಿ ಬದಲಾಗಿದೆಯಾ?

ಎಂದಿನಂತೆ, ಇದು ಹೂಡಿಕೆ ಸಲಹೆ ಅಲ್ಲ, ಲೆಕ್ಕ ಓದೋ ಅಭ್ಯಾಸ ಅಷ್ಟೆ. 5.75ಕ್ಕೆ ನೀವಾಗಿದ್ರೆ ಮಾರ್ತಿದ್ರಾ, ಯಾಕೆ ಅಂತ ವಾಯ್ಸ್ ನೋಟ್ ಕಳಿಸಿ. ಒಳ್ಳೆ ವಾದಗಳನ್ನ ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಸಿಗೋಣ.