ಫ್ರೀ ಡೈಮಂಡ್ ಮೇಲ್ ಬಂದೈತಾ? ಲಿಂಕ್ ಒತ್ತೋಕೆ ಮುಂಚೆ ಇದನ್ನ ಕೇಳ್ರಿ

ವಿಜಯಪುರ ಸಿಟಿ, ತಿಕೋಟಾ, ಬಬಲೇಶ್ವರ, ಎಲ್ಲಿಂದ ಕೇಳ್ತಿದ್ರೂ ಇವತ್ತಿನ ಮಾತು ಫ್ರೀ ಫೈರ್ ಮ್ಯಾಕ್ಸ್, ಬಿಜಿಎಂಐ ಆಡೋ ನಿಮಗಾಗಿ.

‘ಅಭಿನಂದನೆ, ನಿಮಗೆ 5,000 ಡೈಮಂಡ್ ಬಂದಿದೆ’ ಅಂತ ಒಂದು ಮೇಲ್. ‘24 ಗಂಟೆಯೊಳಗೆ ನಿಮ್ಮ ಅಕೌಂಟ್ ಬ್ಯಾನ್ ಆಗುತ್ತೆ, ಈಗಲೇ ವೆರಿಫೈ ಮಾಡಿ’ ಅಂತ ಇನ್ನೊಂದು. ಒಂದು ಆಸೆ ಹಚ್ಚತೈತಿ, ಇನ್ನೊಂದು ಹೆದರಸ್ತೈತಿ. ಎರಡಕ್ಕೂ ಬೇಕಾಗಿರೋದು ನಿಮ್ಮ ಅವಸರ. 2020ರಲ್ಲಿ ಪಬ್‌ಜಿ ಮೊಬೈಲ್, 2022ರಲ್ಲಿ ಫ್ರೀ ಫೈರ್ ನಿಜವಾಗಿಯೂ ಬ್ಯಾನ್ ಆಗಿದ್ದನ್ನ ನೋಡಿದವರು ನಾವು. ಹಿಂಗಾಗಿ ಬ್ಯಾನ್ ಅಂದ ಕೂಡ್ಲೇ ನಂಬಿಬಿಡ್ತೀವಿ.

ಲಿಂಕ್ ಒತ್ತಿದ್ರೆ ಗೇಮಿನದೇ ಅನ್ನಿಸೋ ಲಾಗಿನ್ ಪೇಜ್ ಬರ್ತೈತಿ. ಅಲ್ಲಿ ಹಾಕಿದ ಗೂಗಲ್ ಇಲ್ಲಾ ಫೇಸ್‌ಬುಕ್ ಪಾಸ್‌ವರ್ಡ್ ಸೀದಾ ಕಳ್ಳನ ಕೈಗೆ. ಹೋಗೋದು ಬರೀ ಗನ್ ಸ್ಕಿನ್ ಅಲ್ಲ. ಎಷ್ಟೋ ಮನೆಯಾಗ ಎಲ್ಲರಿಗೂ ಸೇರಿ ಒಂದೇ ಫೋನ್. ಅದೇ ಜಿಮೇಲ್‌ನಾಗ ಫೋಟೊ, ಬ್ಯಾಂಕಿನ ಮೇಲ್, ಸ್ಕಾಲರ್‌ಶಿಪ್ ಅರ್ಜಿ ಎಲ್ಲಾ ಇರ್ತಾವ.

ಗುರುತು ಹಿಡಿಯೋದು ಹೆಂಗ? ಕಳಿಸಿದವರ ಹೆಸರು ನಂಬಬ್ಯಾಡ್ರಿ, ಅದನ್ನ ಯಾರು ಏನು ಬೇಕಾದ್ರೂ ಇಟ್ಕೋಬಹುದು. ಹೆಸರಿನ ಕೆಳಗಿನ ಬಾಣ ಒತ್ತಿ ಪೂರ್ತಿ ಇಮೇಲ್ ವಿಳಾಸ ನೋಡ್ರಿ, ಕೊನೆಯಿಂದ ಓದ್ರಿ. ‘ಬಬಲೇಶ್ವರ ಗಲ್ಲಿ, ಸೊಲ್ಲಾಪುರ’ ಅಂತಿದ್ರೆ ಆ ಮನೆ ಇರೋದು ಸೊಲ್ಲಾಪುರದಾಗ, ಹೌದಲ್ರಿ? ಹಂಗೇ ‘ಗರೇನಾ ಡಾಟ್ ಕಾಮ್ ಡಾಟ್ ಫ್ರೀಗಿಫ್ಟ್ ಡಾಟ್ ಎಕ್ಸ್‌ವೈಜೆಡ್’ ಅನ್ನೋದು ಗರೇನಾ ಕಂಪನಿದಲ್ಲ, ‘ಫ್ರೀಗಿಫ್ಟ್’ ಅನ್ನೋ ಬ್ಯಾರೆ ಯಾರದೋ.

ವಿಳಾಸ ಸರಿ ಕಂಡ್ರೂ ಮೇಲ್‌ನಾಗಿನ ಲಿಂಕ್ ಬ್ಯಾಡ. ಗೇಮ್ ತೆರೆದು ಅದರೊಳಗಿನ ಮೇಲ್‌ಬಾಕ್ಸ್ ನೋಡ್ರಿ. ರಿಡೀಮ್ ಕೋಡ್ ಇದ್ರೆ ಕಂಪನಿಯ ಅಧಿಕೃತ ಸೈಟಿನ ವಿಳಾಸ ನೀವೇ ಟೈಪ್ ಮಾಡ್ರಿ. ಮೇಲ್‌ನಲ್ಲಿ ಬಂದ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಬ್ಯಾಡ್ರಿ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ. ಆ ಮೇಲನ್ನ ಸ್ಪ್ಯಾಮ್ ಅಂತ ರಿಪೋರ್ಟ್ ಮಾಡ್ರಿ.

ಪಾಸ್‌ವರ್ಡ್ ಆಗಲೇ ಕೊಟ್ಟಿದ್ರೆ? ಮನೆಯಾಗ ಬೈತಾರಂತ ಮುಚ್ಚಿಡಬ್ಯಾಡ್ರಿ, ನೀವು ಸುಮ್ನಿದ್ದಷ್ಟು ಹೊತ್ತು ಕಳ್ಳಗ ಟೈಮ್ ಸಿಗ್ತೈತಿ. ಕೂಡ್ಲೇ ಪಾಸ್‌ವರ್ಡ್ ಬದಲಿಸ್ರಿ. ಗೂಗಲ್ ಅಕೌಂಟಿನ ಸೆಕ್ಯುರಿಟಿಯಲ್ಲಿ ಗುರುತಿಲ್ಲದ ಡಿವೈಸ್ ಇದ್ರೆ ಸೈನ್ ಔಟ್ ಮಾಡ್ರಿ. ರಿಕವರಿ ನಂಬರ್ ನಿಮ್ದೇ ಐತೇನು ನೋಡ್ರಿ, ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡ್ರಿ. ದುಡ್ಡು ಹೋಗಿದ್ರೆ ತಡಮಾಡದೆ 1930ಕ್ಕೆ ಫೋನ್ ಹಚ್ಚರಿ, ಬ್ಯಾಂಕಿಗೂ ತಿಳಿಸ್ರಿ. ವಿಜಯಪುರದ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಮೇಲ್‌ನ ಸ್ಕ್ರೀನ್‌ಶಾಟ್ ಇಟ್ಕೊಳ್ರಿ.

ಕೇಳ್ತಿರೋ ಅಣ್ಣಂದಿರೇ, ಅಕ್ಕಂದಿರೇ, ತಮ್ಮ ಬಂದು ‘ಹಿಂಗಾತು’ ಅಂದ್ರೆ ಮೊದ್ಲು ಪಾಸ್‌ವರ್ಡ್ ಬದಲಿಸ್ರಿ, ಬಯ್ಯೋದು ಆಮ್ಯಾಲೆ. ಇಲ್ಲಾಂದ್ರೆ ಇನ್ನೊಮ್ಮೆ ಅವ ನಿಮಗ ಹೇಳಂಗಿಲ್ಲ.

ಮತ್ತೆ ಸಿಗೋಣ್ರಿ.