ಬಾವಿಯ ವಿಷದ ಜಾಡು
(ಚಿತ್ತವಾಡ್ಗಿಯ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೋರಿನ ನೀರು ಕೆಟ್ಟರೆ ನಾವು ಮೊದಲು ಪಂಪನ್ನು ಬಯ್ಯುತ್ತೇವೆ, ಆಮೇಲೆ ಹಣೆಬರಹವನ್ನು. ನೀರಿಗೆ ವಿಷ ಹಾಕಿದವನನ್ನು ಕೇಳುವುದು ಕೊನೆಗೆ. ಹೀಗೇಕೆ? ನೆಲದಡಿಯಲ್ಲಿ ನಡೆಯುವುದು ಕಣ್ಣಿಗೆ ಕಾಣದು, ಅಷ್ಟೆ.

ಬೆಂಗಳೂರಿನ ಪೀಣ್ಯವನ್ನು ನೋಡಿ. ಲೋಹಕ್ಕೆ ಕ್ರೋಮಿನ ಹೊಳಪು ಕೊಡುವ ಸಣ್ಣ ಕಾರಖಾನೆಗಳು ಅಲ್ಲಿ ಬಹಳ. ಅಲ್ಲಿಯ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸಿಕ್ಕಿತು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನಕ. ಈ ಲೋಹಕ್ಕೆ ಎರಡು ವೇಷ: ಒಂದು ಮಣ್ಣಿಗೆ ಅಂಟಿ ಕೂತುಬಿಡುತ್ತದೆ, ಇನ್ನೊಂದು ನೀರಿನಲ್ಲಿ ಕರಗಿ ಅದರ ಜೊತೆಗೇ ಹೊರಡುತ್ತದೆ. ಬಾವಿಗೆ ಬರುವುದು ಎರಡನೆಯದು. ಆದರೆ ಅದು ಬಾವಿಗಿಂತ ಮೊದಲು ಮುಟ್ಟುವುದು ಯಾರನ್ನು? ತೊಟ್ಟಿಯ ಬದಿಯಲ್ಲಿ ನಿಂತ ಕೂಲಿಕಾರನನ್ನು. ಕ್ರೋಮಿನ ಆವಿ ಕುಡಿದು ಮೂಗಿನ ನಡುಗೋಡೆಯೇ ತೂತು ಬಿದ್ದ ಕಾರ್ಮಿಕರನ್ನು ವೈದ್ಯರು ನೂರು ವರ್ಷಗಳಿಗೂ ಹಿಂದಿನಿಂದ ಬಲ್ಲರು.

ಇನ್ನು ಜಾಡು ಹಿಡಿಯುವ ಬಗೆ. ಬಾವಿ ಬಾವಿಗೂ ಹಗ್ಗ ಇಳಿಸಿ ನೀರಿನ ಮಟ್ಟ ಅಳೆಯಬೇಕು. ದಂಡೆಗಳ ಏರುತಗ್ಗನ್ನು ಲೆಕ್ಕಕ್ಕೆ ಹಿಡಿದರೆ ನೀರು ಯಾವ ಕಡೆಗೆ ಇಳಿಯುತ್ತದೆಂಬುದು ತಿಳಿಯುತ್ತದೆ. ಅನುಮಾನದ ಜಾಗಕ್ಕಿಂತ ಮೇಲಿನ ಬಾವಿ ಶುದ್ಧವಾಗಿದ್ದು ಕೆಳಗಿನದು ಕೆಟ್ಟಿದ್ದರೆ ಪ್ರಶ್ನೆ ಅರ್ಧ ಬಿಡಿಸಿದಂತೆ. ಎರಡೂ ಕೆಟ್ಟಿದ್ದರೆ? ಆಗ ಕಾರಖಾನೆಯನ್ನು ಸುಮ್ಮನೆ ದೂರಬಾರದು. ನಮ್ಮ ಸೀಮೆಯ ಕಲ್ಲಿನಲ್ಲೇ ಫ್ಲೋರೈಡ್ ಇದೆ, ನಮ್ಮ ಬಚ್ಚಲುಗುಂಡಿಗಳಿಂದಲೇ ನೈಟ್ರೇಟ್ ಇಳಿಯುತ್ತದೆ. ಇದನ್ನು ಮುಚ್ಚಿಟ್ಟು ಹೋರಾಡಿದರೆ ಧಣಿಯ ವಕೀಲ ಒಂದೇ ಮಾತಿನಲ್ಲಿ ನಮ್ಮನ್ನು ಕೂರಿಸುತ್ತಾನೆ.

ಹೊಸಪೇಟೆಯಲ್ಲಿ ಮತ್ತೊಂದು ತೊಡಕಿದೆ. ವಿಜಯನಗರದ ಕಾಲದ ಬಸವಣ್ಣ ಕಾಲುವೆ, ರಾಯ ಕಾಲುವೆಗಳು ಹರಿಯುವಾಗ ಪಕ್ಕದ ನೆಲಕ್ಕೆ ನೀರು ಜಿನುಗುತ್ತದೆ. ನಿಂತಾಗ ಮಟ್ಟ ಇಳಿಯುತ್ತದೆ. ನಮ್ಮದು ಗಟ್ಟಿಕಲ್ಲಿನ ನೆಲ, ಆಳದ ನೀರು ಬಿರುಕು ಹಿಡಿದು ಓಡುತ್ತದೆ, ದೊಡ್ಡ ಬೋರು ಅದನ್ನು ತನ್ನತ್ತ ಎಳೆಯುತ್ತದೆ. ಆದ್ದರಿಂದ ಒಂದು ದಿನದ ಒಂದು ಬಾಟಲಿ ಸಾಲದು. ಕಾಲುವೆ ಹರಿಯುವಾಗೊಮ್ಮೆ, ನಿಂತಾಗೊಮ್ಮೆ ನೀರು ಹಿಡಿಯಬೇಕು. ಪೈಪಿನಲ್ಲಿ ನಿಂತ ಹಳೇ ನೀರು ಹೋಗುವವರೆಗೆ ಪಂಪು ಓಡಿಸಿ, ಚೊಕ್ಕ ಬಾಟಲಿಯಲ್ಲಿ ತುಂಬಿ, ದಿನ, ಗಂಟೆ, ಬಾವಿಯ ಗುರುತು ಬರೆಯಬೇಕು.

ನಮ್ಮ ಬಾಟಲಿಯೊಂದರಿಂದಲೇ ಕೋರ್ಟಿನಲ್ಲಿ ಗೆಲ್ಲಲಾಗದು. ಕಾರಖಾನೆಯ ಹೊಲಸು ನೀರನ್ನು ಮಾಲೀಕನಿಗೆ ನೋಟೀಸು ಕೊಟ್ಟು, ಮಾದರಿ ತೆಗೆದು, ಎರಡು ಭಾಗ ಮಾಡಿ ಮೊಹರು ಹಾಕುವ ಅಧಿಕಾರ 1974ರ ಜಲ ಕಾಯಿದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ಎಲ್ಲಿ ತೆಗೆಯಬೇಕೆಂದು ಬೆರಳಿಟ್ಟು ತೋರಿಸುವುದು ನಮ್ಮ ಲೆಕ್ಕದ ಪುಸ್ತಕ.

“ಕಾರಖಾನೆ ಮುಚ್ಚಿದರೆ ಹೊಟ್ಟೆಗೇನು, ಅಂಗಡಿಗೆ ಗಿರಾಕಿ ಯಾರು?” ಎಂಬ ಪ್ರಶ್ನೆ ನಿಮ್ಮಲ್ಲಿದೆ. ನ್ಯಾಯವಾದ ಪ್ರಶ್ನೆ. ರಾಜಸ್ಥಾನದ ಬಿಛ್ರಿ ಗ್ರಾಮದಲ್ಲಿ ರಾಸಾಯನಿಕ ಕಾರಖಾನೆಗಳಿಂದ ಬಾವಿಗಳು ಕೆಟ್ಟಾಗ, ಕೆಡಿಸಿದವನೇ ಶುದ್ಧಿಯ ಖರ್ಚು ತೆರಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ನಾವು ಕೇಳುವುದೂ ಅದನ್ನೇ: ಶುದ್ಧೀಕರಣದ ಯಂತ್ರವನ್ನು ಲಾಭದ ಹಣದಿಂದ ಕೂರಿಸಲಿ, ಕೆಲಸ ಉಳಿಯಲಿ. ಇವತ್ತು ಸಭೆ ಮುಗಿದ ಮೇಲೆ ಓಣಿಗಿಬ್ಬರು ಹೆಸರು ಕೊಡಿ. ಹಗ್ಗ, ಬಾಟಲಿ ನಾವು ತಂದಿದ್ದೇವೆ.